ಸೆರೆಂಡಿಪಿಟಿ: ಆಕಸ್ಮಿಕಕ್ಕೆ ಜಾಣ್ಮೆ ಕೂಡಿದಾಗ

ಒಂದು ಪದ ಯಾವ ದಿನ ಹುಟ್ಟಿತೆಂದು ಹೇಳುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಇಂಗ್ಲಿಷಿನ 'ಸೆರೆಂಡಿಪಿಟಿ' ಇದಕ್ಕೆ ಅಪವಾದ. 1754ರ ಜನವರಿ 28ರಂದು ಲೇಖಕ ಹೊರೇಸ್ ವಾಲ್‌ಪೋಲ್ ತಮ್ಮ ಗೆಳೆಯ ಹೊರೇಸ್ ಮನ್‌ಗೆ ಬರೆದ ಪತ್ರದಲ್ಲಿ ಈ ಪದವನ್ನು ತಾವೇ ರಚಿಸಿ ಬಳಸಿದರು.

ಪದದ ಬೇರು ಮಾತ್ರ ನಮಗೆ ಹತ್ತಿರದ್ದು. ಸಂಸ್ಕೃತದ 'ಸಿಂಹಳದ್ವೀಪ' ಅರಬ್ಬರ ಬಾಯಲ್ಲಿ 'ಸರಂದೀಬ್' ಆಗಿ, ಯೂರೋಪಿನಲ್ಲಿ 'ಸೆರೆಂಡಿಪ್' ಆಯಿತು. ಅದೇ ಇಂದಿನ ಶ್ರೀಲಂಕಾ. 1557ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ಕಥೆಯೊಂದರಲ್ಲಿ ಸೆರೆಂಡಿಪ್‌ನ ಮೂವರು ರಾಜಕುಮಾರರು ದೇಶಸಂಚಾರ ಹೊರಡುತ್ತಾರೆ. ದಾರಿಯ ಒಂದು ಬದಿಯಲ್ಲಿ ಹುಲ್ಲು ಸೊಂಪಾಗಿದ್ದರೂ ಇನ್ನೊಂದು ಬದಿಯ ಬಡಕಲು ಹುಲ್ಲನ್ನಷ್ಟೇ ಪ್ರಾಣಿಯೊಂದು ಮೇದಿರುವುದು ಅವರ ಕಣ್ಣಿಗೆ ಬೀಳುತ್ತದೆ. ಅಲ್ಲಿ ಹಾದುಹೋದ ಒಂಟೆಗೆ ಒಂದು ಕಣ್ಣು ಕುರುಡೆಂದು ಅವರು ಊಹಿಸುತ್ತಾರೆ. ಹೀಗೆ, ಹುಡುಕದೆ ಇದ್ದುದನ್ನು ಆಕಸ್ಮಿಕ ಮತ್ತು ಜಾಣ್ಮೆಗಳ ನೆರವಿನಿಂದ ಕಂಡುಕೊಳ್ಳುವುದಕ್ಕೆ ವಾಲ್‌ಪೋಲ್ ಈ ಹೆಸರಿಟ್ಟರು.

ಕನ್ನಡದಲ್ಲಿ ಇದಕ್ಕೆ ಸಮಾನವಾದ ಪದ ಯಾವುದು? ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋದರೆ ಅದು 'ಕಾಕತಾಳೀಯ'. ಅಲ್ಲಿ ಆಕಸ್ಮಿಕವಿದೆ, ಜಾಣ್ಮೆಯಿಲ್ಲ. 'ಹುಡುಕುವ ಬಳ್ಳಿ ಕಾಲಿಗೆ ತೊಡರಿತು' ಎನ್ನುತ್ತೇವೆ. ಅಲ್ಲಿ ಸಿಕ್ಕಿದ್ದು ಹುಡುಕುತ್ತಿದ್ದ ಬಳ್ಳಿಯೇ. ಸೆರೆಂಡಿಪಿಟಿಯಲ್ಲಿ ಹುಡುಕಿದ್ದು ಒಂದು, ದೊರೆತದ್ದು ಮತ್ತೊಂದು. ಆದ್ದರಿಂದ ಲಾಟರಿ ಬಂದವನ ಅದೃಷ್ಟಕ್ಕೆ ಈ ಪದ ಸಲ್ಲದು.

ಹಾಗಾದರೆ ಯಾವುದಕ್ಕೆ ಸಲ್ಲುತ್ತದೆ? 1928ರ ಸೆಪ್ಟೆಂಬರ್‌ನಲ್ಲಿ ರಜೆ ಮುಗಿಸಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಮರಳಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರಿಗೆ, ಬ್ಯಾಕ್ಟೀರಿಯಾ ಬೆಳೆಸಿದ್ದ ಗಾಜಿನ ತಟ್ಟೆಯೊಂದರಲ್ಲಿ ಬೂಷ್ಟು ಕಂಡಿತು. ಕೆಟ್ಟಿತೆಂದು ತೊಳೆದುಬಿಡಬಹುದಿತ್ತು. ಆದರೆ ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಅಳಿದಿರುವುದನ್ನು ಅವರು ಗಮನಿಸಿದರು, ಕಾರಣ ಹುಡುಕಿದರು. ಪೆನಿಸಿಲಿನ್ ಪತ್ತೆಯಾದದ್ದು ಹೀಗೆ. ಅದು ಔಷಧವಾಗಲು ಆಕ್ಸ್‌ಫರ್ಡಿನಲ್ಲಿ ಫ್ಲೋರಿ, ಚೈನ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ದುಡಿಯಬೇಕಾಯಿತು. 1945ರಲ್ಲಿ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೂ ನೊಬೆಲ್ ಪ್ರಶಸ್ತಿ ಸಂದಿತು.

ಬೂಷ್ಟು ಹಿಡಿದ ತಟ್ಟೆಗಳು ಅದಕ್ಕೆ ಮೊದಲೂ ಎಷ್ಟೋ ಇದ್ದಿರಬೇಕು. ಆಕಸ್ಮಿಕ ಎಲ್ಲರ ಮನೆ ಬಾಗಿಲನ್ನೂ ತಟ್ಟುತ್ತದೆ. ಬಾಗಿಲು ತೆರೆಯುವುದು ಜಾಣ್ಮೆ. ಮುಂದಿನ ಸಲ ನಿಮ್ಮ ಪ್ರಯೋಗದ ಫಲಿತಾಂಶ ಪುಸ್ತಕದಲ್ಲಿರುವಂತೆ ಬಾರದಿದ್ದರೆ, ಅದನ್ನು ಅಳಿಸುವ ಮೊದಲು ಒಮ್ಮೆ 'ಏಕೆ?' ಎಂದು ಕೇಳಿಕೊಳ್ಳಿ.