ಎನ್‌ಪಿಟಿಇಎಲ್
ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಸುವ ಆನ್‌ಲೈನ್ ಶಿಕ್ಷಣ ಯೋಜನೆ. ಕೇಂದ್ರ ಸರ್ಕಾರದ ನೆರವಿನಿಂದ 2003ರಲ್ಲಿ ಆರಂಭವಾಯಿತು. 2014ರಿಂದ ಪ್ರಮಾಣಪತ್ರವನ್ನೂ ನೀಡುತ್ತಿದೆ. ಪಾಠಗಳು ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ವಾರವಾರವೂ ಅಸೈನ್‌ಮೆಂಟ್ ಒಪ್ಪಿಸಬೇಕು. ಕೊನೆಯ ಪರೀಕ್ಷೆಯನ್ನು ನಿಗದಿತ ಕೇಂದ್ರಕ್ಕೇ ಹೋಗಿ, ಮೇಲ್ವಿಚಾರಕರ ಎದುರು ಬರೆಯಬೇಕು. ಒಟ್ಟು ಅಂಕದಲ್ಲಿ ಅದರ ಪಾಲು ಸಾಮಾನ್ಯವಾಗಿ ಶೇ. 75. ಕೆಲಸ ಹುಡುಕುವಾಗ ಈ ಪ್ರಮಾಣಪತ್ರಕ್ಕೆ ತೂಕ ಬರುವುದು ಈ ಬಿಗಿಯಿಂದಲೇ. ವಿಡಿಯೊ ಪಾಠಗಳಲ್ಲಿ ಅರ್ಥವಾಗದ ಭಾಗವನ್ನು ನಿಲ್ಲಿಸಿ, ಹಿಂದಕ್ಕೆ ಸರಿಸಿ ಮತ್ತೆ ಕೇಳಬಹುದಾದ್ದರಿಂದ, ತರಗತಿಯಲ್ಲಿ ಕೈಯೆತ್ತಲು ಅಳುಕುವ ವಿದ್ಯಾರ್ಥಿಗೆ ಇದು ದೊಡ್ಡ ಆಸರೆ. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಶೇ. 40ರವರೆಗಿನ ಕೋರ್ಸ್‌ಗಳನ್ನು ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ವೇದಿಕೆಯಲ್ಲಿ ಓದಿ ಕ್ರೆಡಿಟ್ ಪಡೆಯಲು ಅವಕಾಶವಿದೆ. ಎನ್‌ಪಿಟಿಇಎಲ್ ಕೋರ್ಸ್‌ಗಳೂ ಅಲ್ಲೇ ಸಿಗುತ್ತವೆ. ಬೋಧನೆ ಬಹುಪಾಲು ಇಂಗ್ಲಿಷಿನಲ್ಲಿ. ಕೆಲವು ಪಾಠಗಳಿಗೆ ಕನ್ನಡ ಅನುವಾದವಿದೆ. ಅದು ಇನ್ನೂ ಬಹಳ ಹೆಚ್ಚಬೇಕು.