ಚತುರಕ್ಷರನಾಮ: ಕ್ರೈಸ್ತಮತದಲ್ಲಿ ದೇವನಾಮದ ಅರ್ಥವಿಚಾರ

ನಾಮವು ನಾಮಿಯನ್ನು ಗುರುತಿಸುವುದಷ್ಟೇ ಅಲ್ಲದೆ ಅವನ ಸ್ವರೂಪವನ್ನೂ ಬೋಧಿಸುವುದೇ ಎಂಬ ಪ್ರಶ್ನೆಯು ಬಹು ಪ್ರಾಚೀನವಾದುದು. ಕನ್ನಡ ವೈಯಾಕರಣರು ನಾಮಗಳನ್ನು ರೂಢ, ಅನ್ವರ್ಥ, ಅಂಕಿತಗಳೆಂದು ವಿಂಗಡಿಸಿದ್ದಾರೆ. ಈ ವಿಭಾಗವನ್ನು ಹಿಡಿದು ಕ್ರೈಸ್ತರ ಪವಿತ್ರಗ್ರಂಥದ ದೇವನಾಮಗಳನ್ನು ಪರೀಕ್ಷಿಸಿದರೆ, ಅವುಗಳಲ್ಲಿ ಪ್ರಧಾನವಾದುದೊಂದು ಭಾಷೆಯಿಂದ ಭಾಷೆಗೆ ಸಾಗುತ್ತ ತನ್ನ ವರ್ಗವನ್ನೇ ಬದಲಿಸಿಕೊಂಡಿತೆಂಬುದು ತಿಳಿದುಬರುತ್ತದೆ.

ಹಳೆಯ ಒಡಂಬಡಿಕೆಯ ಮೂಲಭಾಷೆ ಬಹುಮಟ್ಟಿಗೆ ಹೀಬ್ರೂ. ಅದರಲ್ಲಿ ದೇವರನ್ನು ಕುರಿತ ಸಾಮಾನ್ಯ ಶಬ್ದ 'ಎಲೋಹೀಮ್'. ಇದರ ಆಕಾರವು ಬಹುವಚನ. ಆದರೆ ಏಕೈಕ ದೇವರನ್ನು ಹೇಳುವಾಗ ಅದರೊಡನೆ ಬರುವ ಕ್ರಿಯಾಪದವು ಸಾಮಾನ್ಯವಾಗಿ ಏಕವಚನ. ಕನ್ನಡಿಗರಿಗೆ ಇದು ಅಪರಿಚಿತವಲ್ಲ. 'ದೇವರು' ಎಂಬುದೂ ಬಹುವಚನರೂಪವೇ. ಕನ್ನಡ ಬೈಬಲ್ಲಿನ ಹಳೆಯ ಅನುವಾದವು ಸೃಷ್ಟಿಪ್ರಕರಣದಲ್ಲಿ ಆ ಪದಕ್ಕೆ ಏಕವಚನ ಕ್ರಿಯೆಯನ್ನೇ ಅನ್ವಯಿಸಿರುವುದರಿಂದ, ಮೂಲದ ವಚನವೈಚಿತ್ರ್ಯವು ಅನಾಯಾಸವಾಗಿ ಕನ್ನಡದಲ್ಲಿಯೂ ಉಳಿದಿದೆ.

ಎಲೋಹೀಮ್ ಎಂಬುದು ಅನ್ಯದೇವತೆಗಳಿಗೂ ಸಲ್ಲುವ ಶಬ್ದ. ಇಸ್ರಾಯೇಲರ ದೇವರ ಅಂಕಿತನಾಮವು ಬೇರೆ. ಅದು ಯೋದ್, ಹೇ, ವಾವ್, ಹೇ ಎಂಬ ನಾಲ್ಕು ವ್ಯಂಜನಗಳಿಂದ ಆದುದು. ಹಳೆಯ ಒಡಂಬಡಿಕೆಯಲ್ಲಿ ಸುಮಾರು 6,800 ಸಲ ಬರುತ್ತದೆ. 1868ರಲ್ಲಿ ಧಿಬಾನ್ ಎಂಬಲ್ಲಿ ದೊರೆತ, ಮೋವಾಬಿನ ಅರಸನಾದ ಮೇಷನ ಶಾಸನದಲ್ಲಿಯೂ ಈ ನಾಮವಿದೆ. ಆ ಶಾಸನವು ಕ್ರಿ. ಪೂ. 9ನೆಯ ಶತಮಾನದ್ದಾದುದರಿಂದ, ಅಷ್ಟು ಹಿಂದೆಯೇ ನೆರೆಯ ಶತ್ರುರಾಜ್ಯಕ್ಕೂ ಅದು ಇಸ್ರಾಯೇಲರ ದೇವರ ಹೆಸರೆಂದು ತಿಳಿದಿದ್ದಿತು.

ಈ ಅಂಕಿತನಾಮವನ್ನು ಅನ್ವರ್ಥವಾಗಿಸುವ ನಿರ್ವಚನವು ವಿಮೋಚನಕಾಂಡದ 3ನೆಯ ಅಧ್ಯಾಯದಲ್ಲಿದೆ. ಹೆಸರೇನೆಂದು ಮೋಶೆಯು ಕೇಳಲು, 'ಇರು' ಎಂಬರ್ಥದ ಧಾತುವಿನ ಉತ್ತಮಪುರುಷರೂಪವಾದ 'ಎಹ್ಯೆ' ಎಂಬುದೇ ಉತ್ತರವಾಗಿ ಬರುತ್ತದೆ. ಆ ರೂಪಕ್ಕೆ 'ಇದ್ದೇನೆ' ಎಂದೂ 'ಇರುವೆನು' ಎಂದೂ ಅರ್ಥವಾಗಬಹುದು. ಅದಕ್ಕೆ ಎರಡು ವಾಕ್ಯಗಳ ಹಿಂದೆ ಅದೇ ಪದವು 'ನಿನ್ನೊಡನೆ ಇರುವೆನು' ಎಂಬ ಅಭಯದಲ್ಲಿ ಬಂದಿರುವುದರಿಂದ, ಪ್ರಕರಣವನ್ನನುಸರಿಸಿ ಸಾನ್ನಿಧ್ಯವೇ ಇಲ್ಲಿ ಮುಖ್ಯಾರ್ಥವೆನ್ನಬೇಕು. ಅಲೆಕ್ಸಾಂಡ್ರಿಯದ ಯೆಹೂದ್ಯರು ಇದನ್ನು ಗ್ರೀಕಿಗೆ ತಿರುಗಿಸುವಾಗ 'ಇರುವಾತನು' ಎಂಬ ಕೃದಂತವನ್ನು ಬಳಸಿದರು. ಆಗ ಸಾನ್ನಿಧ್ಯವು ಹಿಂದೆ ಸರಿದು ಸತ್ತೆಯು ಮುಂದೆ ಬಂದಿತು. 13ನೆಯ ಶತಮಾನದ ಥಾಮಸ್ ಅಕ್ವಿನಾಸನು 'ಇರುವಾತನು' ಎಂಬುದೇ ದೇವರಿಗೆ ಅತ್ಯಂತ ಉಚಿತವಾದ ನಾಮವೆಂದು ಸಾಧಿಸಿದುದು ಈ ಪರಂಪರೆಯಲ್ಲಿಯೇ. ಉಪನಿಷತ್ತುಗಳ 'ಸತ್' ಶಬ್ದವನ್ನು ಬಲ್ಲವರಿಗೆ ಇದು ಪರಿಚಿತವೆಂದು ತೋರುವುದು ಸಹಜ; ಆದರೆ ಹೀಬ್ರೂ ಮೂಲದಲ್ಲಿ ಆ ಮಾತು ಹುಟ್ಟಿದುದು ತತ್ತ್ವವಿಚಾರದಲ್ಲಲ್ಲ, ದಾಸ್ಯದಲ್ಲಿದ್ದ ಜನಕ್ಕೆ ಕೊಟ್ಟ ಭರವಸೆಯಲ್ಲಿ.

ಕಾಲಕ್ರಮದಲ್ಲಿ ಭಯಭಕ್ತಿಗಳಿಂದ ಈ ನಾಮದ ಉಚ್ಚಾರವು ನಿಂತುಹೋಯಿತು. ಯೆಹೂದ್ಯ ಸಂಪ್ರದಾಯದ ಪ್ರಕಾರ ಮಹಾಯಾಜಕನು ದೋಷಪರಿಹಾರದ ದಿನದಂದು ದೇವಾಲಯದಲ್ಲಿ ಅದನ್ನು ಉಚ್ಚರಿಸುತ್ತಿದ್ದನು, ಕ್ರಿ. ಶ. 70ರಲ್ಲಿ ದೇವಾಲಯವು ನಾಶವಾಗಲು ಆ ಸಂದರ್ಭವೂ ಇಲ್ಲವಾಯಿತು. ಪಾರಾಯಣದಲ್ಲಿ ಅದರ ಸ್ಥಾನಕ್ಕೆ 'ಒಡೆಯ' ಎಂಬರ್ಥದ 'ಅದೋನಾಯ್' ಬಂದಿತು. ಗ್ರೀಕ್ ಅನುವಾದದ ಕ್ರಿಸ್ತಪೂರ್ವದ ಕೆಲವು ತುಣುಕುಗಳಲ್ಲಿ ಹೀಬ್ರೂ ಅಕ್ಷರಗಳೇ ಉಳಿದಿವೆಯಾದರೂ, ಕ್ರೈಸ್ತರ ಕೈಬರೆಹಗಳಲ್ಲಿ ಇರುವುದು 'ಕುರಿಯೊಸ್', ಅಂದರೆ ಒಡೆಯ. ಲ್ಯಾಟಿನ್ನಿನಲ್ಲಿ ಜೆರೋಮನು 'ದೋಮಿನುಸ್' ಎಂದನು. ಹೀಗೆ ಅಂಕಿತನಾಮವು ಬಿರುದಾಗಿ ಪರಿಣಮಿಸಿತು.

'ಯೆಹೋವ' ಎಂಬ ರೂಪವು ಬಂದ ಬಗೆಯೂ ಇಲ್ಲಿಯೇ ತಿಳಿಯುತ್ತದೆ. ಮಸೋರೆತರೆಂಬ ಯೆಹೂದ್ಯ ಪಂಡಿತರು ಗ್ರಂಥಪಾಠಕ್ಕೆ ಸ್ವರಚಿಹ್ನೆಗಳನ್ನು ಸೇರಿಸುವಾಗ, 'ಅದೋನಾಯ್ ಎಂದು ಓದಿರಿ' ಎಂಬ ಸೂಚನೆಗಾಗಿ ಆ ಪದದ ಸ್ವರಗಳನ್ನು ಈ ನಾಲ್ಕು ವ್ಯಂಜನಗಳಿಗೆ ತೊಡಿಸಿದರು. ಒಂದರ ವ್ಯಂಜನಕ್ಕೆ ಮತ್ತೊಂದರ ಕಾಗುಣಿತವಿದ್ದಂತಾಯಿತು. ಸೂಚನೆಯನ್ನರಿಯದೆ ಎರಡನ್ನೂ ಕೂಡಿಸಿ ಓದಿದ ಮಧ್ಯಯುಗದ ಕ್ರೈಸ್ತರಿಂದ 'ಯೆಹೋವ' ಎಂಬುದು ಹುಟ್ಟಿತು. ಟಿಂಡೇಲನ 1530ರ ಇಂಗ್ಲಿಷ್ ಅನುವಾದದಲ್ಲಿ ಅದು ಕಾಣುತ್ತದೆ. ಅಲೆಕ್ಸಾಂಡ್ರಿಯದ ಕ್ಲೆಮೆಂತ, ಥಿಯೊಡೊರೆತ ಮುಂತಾದ ಪ್ರಾಚೀನರ ಗ್ರೀಕ್ ಲಿಪ್ಯಂತರಗಳನ್ನು ಆಧರಿಸಿ ವಿದ್ವಾಂಸರು ಮೂಲೋಚ್ಚಾರವನ್ನು 'ಯಾಹ್ವೆ' ಎಂದು ಊಹಿಸುತ್ತಾರೆ. ಆದರೂ ರೋಮನ್ ಕ್ಯಾಥೊಲಿಕ್ ಸಭೆಯ ಆರಾಧನಾವಿಧಿಯಲ್ಲಿ ಆ ಹೆಸರನ್ನು ಉಚ್ಚರಿಸದೆ 'ಒಡೆಯ' ಎಂಬರ್ಥದ ಪದವನ್ನೇ ಬಳಸತಕ್ಕದ್ದೆಂದು 2008ರಲ್ಲಿ ವ್ಯಾಟಿಕನ್ನಿನಿಂದ ನಿರ್ದೇಶವಾಯಿತು.

ಇದಕ್ಕೆ ಕಾರಣವು ಹೊಸ ಒಡಂಬಡಿಕೆಯಲ್ಲಿದೆ. ಯೋವೇಲ ಪ್ರವಾದಿಯು ಚತುರಕ್ಷರನಾಮದ ಸ್ಮರಣೆಯಿಂದ ರಕ್ಷಣೆಯೆಂದು ಹೇಳಿದ ವಾಕ್ಯವನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರದ 10ನೆಯ ಅಧ್ಯಾಯದಲ್ಲಿ 'ಕುರಿಯೊಸ್' ಶಬ್ದದಿಂದಲೇ ಉದ್ಧರಿಸಿ ಯೇಸುವಿಗೆ ಅನ್ವಯಿಸುತ್ತಾನೆ. ಗ್ರೀಕಿನಲ್ಲಿ ಎರಡೆಡೆಯೂ ಒಂದೇ ಪದವಿರುವುದೇ ಈ ಅನ್ವಯಕ್ಕೆ ಆಧಾರ. ಯೇಸುವು ದೇವರೆಂಬ ಕ್ರೈಸ್ತವಿಶ್ವಾಸದ ಒಂದು ಪ್ರಬಲ ಪ್ರಮಾಣವು ಹೀಗೆ ಶಬ್ದೈಕ್ಯದ ಮೇಲೆ ನಿಂತಿದೆ.

ಕನ್ನಡದಲ್ಲಿ ಸಮಗ್ರ ಬೈಬಲ್ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರ ಪರಿಶ್ರಮದಿಂದ 1831ರಲ್ಲಿ ಪೂರ್ಣವಾಯಿತು. ಇಂದಿಗೂ ಪ್ರಚಾರದಲ್ಲಿರುವ ಹಳೆಯ ಅನುವಾದದಲ್ಲಿ ಯೋವೇಲನಲ್ಲಿ 'ಯೆಹೋವ' ಎಂದಿದೆ, ಪೌಲನಲ್ಲಿ 'ಕರ್ತ' ಎಂದಿದೆ. ಆದುದರಿಂದ ಆ ಶಬ್ದೈಕ್ಯವು ಕನ್ನಡ ಓದುಗನಿಗೆ ಕಾಣದು. ತಮಿಳು ಬೈಬಲ್ಲು ಎರಡೆಡೆಯೂ 'ಕರ್ತರ್' ಎಂದು ಅದನ್ನು ಉಳಿಸಿಕೊಂಡು, ಅಂಕಿತನಾಮವನ್ನು ಬಿಟ್ಟುಕೊಟ್ಟಿದೆ. ಮುಂದೆ ಬಂದ ಸರಳಗನ್ನಡ ಅನುವಾದವು ಹಳೆಯ ಒಡಂಬಡಿಕೆಯಲ್ಲಿ 'ಸರ್ವೇಶ್ವರ' ಎಂಬ ಅನ್ವರ್ಥನಾಮವನ್ನು ಆರಿಸಿಕೊಂಡಿತು. ಒಂದು ಲಾಭಕ್ಕೆ ಒಂದು ನಷ್ಟವು ತಪ್ಪದು.

'ಯೆಹೋವ' ಎಂಬುದು ಉಚ್ಚಾರದೃಷ್ಟಿಯಿಂದ ಸಾಧುರೂಪವಲ್ಲದಿದ್ದರೂ, ಯೋಗಕ್ಕಿಂತ ರೂಢಿಯು ಬಲವತ್ತರವೆಂಬ ನ್ಯಾಯದಿಂದ ಕನ್ನಡದಲ್ಲಿ ಅದು ನೆಲೆಗೊಂಡಿದೆ. ತಲೆಮಾರುಗಳ ಪ್ರಾರ್ಥನೆಯು ಅದಕ್ಕೆ ಪ್ರಾಮಾಣ್ಯವನ್ನು ಕೊಟ್ಟಿದೆ. ಮೂಲನಾಮವೂ ಸಂಪೂರ್ಣವಾಗಿ ಲೋಪವಾಗಿಲ್ಲ. 'ಹಲ್ಲೆಲೂಯ' ಎಂಬ ಸ್ತುತಿಯ ಕೊನೆಯಲ್ಲಿಯೂ, 'ಯೋಹಾನ'ನೆಂಬ ಹೆಸರಿನ ಆದಿಯಲ್ಲಿಯೂ ಅದರ ಸಂಕ್ಷಿಪ್ತರೂಪವಿದೆ. 'ಯೇಸು' ಎಂಬ ಹೆಸರಿನ ಹೀಬ್ರೂ ಮೂಲವಾದ 'ಯೆಹೋಶುವ' ಎಂಬುದಕ್ಕೂ ಆ ನಾಮದ ದೇವರೇ ರಕ್ಷಣೆಯೆಂಬರ್ಥವಿದೆ. ಆದಕಾರಣ ಕನ್ನಡ ಬೈಬಲ್ಲನ್ನು ಪಾಠ ಹೇಳುವವರು 'ಯೆಹೋವ', 'ಕರ್ತ' ಎಂಬ ಪದಗಳ ಹಿಂದಿರುವ ಈ ಚರಿತ್ರೆಯನ್ನು ತಿಳಿಸಿಕೊಟ್ಟಲ್ಲಿ, ಅನುವಾದದಲ್ಲಿ ಮರೆಯಾದ ಸಂಬಂಧವು ವ್ಯಾಖ್ಯಾನದಲ್ಲಿ ಪ್ರಕಟವಾಗುವುದು.