ಕೋವಿ ಅರ್ಜಿಯ ಒಂದು ‘ಇಲ್ಲ’

ನಾನು ಅರ್ಜಿ ಬರೆಯುವವನು. ಎಚ್.ಡಿ. ಕೋಟೆಯಲ್ಲಿ ಕಚೇರಿ ಕಾಂಪೌಂಡಿನ ಹೊರಗೆ, ಹೊಂಗೆಮರದಡಿ, ಮಡಚುವ ಮೇಜು ಹಾಕಿಕೊಂಡು ನಲವತ್ತು ವರ್ಷ ಕೂತವನು. ಪಹಣಿ ತಿದ್ದುಪಡಿ, ವಂಶವೃಕ್ಷ, ವಿಧವಾ ವೇತನ, ಆನೆ ತುಳಿದ ರಾಗಿಗೆ ಪರಿಹಾರ, ಇವೇ ನನಗೆ ಅನ್ನ ಹಾಕಿದವು. ಇವುಗಳ ನಡುವೆ ವರ್ಷಕ್ಕೆ ನಾಲ್ಕಾರು ಕೋವಿ ಅರ್ಜಿ ಬರುತ್ತಿದ್ದವು. ಅದಕ್ಕೆ ಎರಡು ಪಟ್ಟು ಕೂಲಿ ತೆಗೆದುಕೊಳ್ಳುತ್ತಿದ್ದೆ, ಮುಚ್ಚಿಡುವುದೇನು. ಕೋವಿ ಬೇಕೆನ್ನುವವನ ಜೇಬಲ್ಲಿ ಎರಡು ಕಾಸು ಹೆಚ್ಚೇ ಇರುತ್ತದೆ. ಅಲ್ಲದೆ ಅದರಲ್ಲಿ ಒಂದು ಕಾಲಂ ತಪ್ಪಿದರೆ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ.

2024ರ ಜೂನ್ ತಿಂಗಳು. ಟೀ ಅಂಗಡಿಯಲ್ಲಿ ಯಾರೋ ಪೇಪರ್ ಓದಿ ಹೇಳುತ್ತಿದ್ದರು: ಅಮೆರಿಕದ ಅಧ್ಯಕ್ಷರ ಮಗ ಅಪರಾಧಿ ಅಂತ ತೀರ್ಪಾಗಿದೆಯಂತೆ.

‘ಏನು ಮಾಡಿದ್ನಂತೆ? ಕೊಲೆಯಾ?’

‘ಇಲ್ಲ. ಕೋವಿ ತಗೊಳ್ಳೋವಾಗ ಅರ್ಜೀಲಿ ಸುಳ್ಳು ಬರೆದನಂತೆ.’

‘ಅಷ್ಟೇನಾ?’ ಅಂದ ಟೀ ಅಂಗಡಿಯವನು ನನ್ನ ಕಡೆ ತಿರುಗಿ ನಕ್ಕ. ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಕೈಯಲ್ಲಿದ್ದ ಟೀ ಆರಿಹೋಯಿತು.

ಅಲ್ಲಿಯ ಕಥೆ ಇಷ್ಟು. 2018ರ ಅಕ್ಟೋಬರ್ 12ರಂದು ಹಂಟರ್ ಬೈಡನ್ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ನಿನಲ್ಲಿ ಒಂದು ಅಂಗಡಿಗೆ ಹೋಗಿ ಕೋಲ್ಟ್ ಕೋಬ್ರಾ ಎಂಬ ರಿವಾಲ್ವರ್ ಕೊಂಡ. ಕೊಳ್ಳುವ ಮುಂಚೆ 4473 ನಂಬರಿನ ನಮೂನೆ ತುಂಬಬೇಕು. ಅದರಲ್ಲೊಂದು ಪ್ರಶ್ನೆ: ನೀನು ಕಾನೂನು ಮೀರಿ ಮಾದಕ ವಸ್ತು ಸೇವಿಸುವವನೋ, ಅದರ ಚಟಕ್ಕೆ ಬಿದ್ದವನೋ? ಅವನು ‘ಇಲ್ಲ’ ಅಂತ ಗುರುತು ಹಾಕಿದ. ಹನ್ನೊಂದು ದಿನ ಅದು ಅವನ ಬಳಿ ಇತ್ತು. ಅದರಿಂದ ಯಾರಿಗೂ ಗಾಯವಾಗಲಿಲ್ಲ. ತೀರಿಹೋದ ಅಣ್ಣನ ಹೆಂಡತಿ ಅದನ್ನು ಅವನ ಗಾಡಿಯಲ್ಲಿ ಕಂಡು, ಗಾಬರಿಬಿದ್ದು, ದಿನಸಿ ಅಂಗಡಿಯೊಂದರ ಕಸದ ಡಬ್ಬಕ್ಕೆ ಹಾಕಿಬಂದಳು. ಡಬ್ಬ ಕೆದಕಿ ಹಳೇ ಸಾಮಾನು ಆಯುವ ಒಬ್ಬ ಮುದುಕನಿಗೆ ಅದು ಸಿಕ್ಕಿತು. 1968ರ ಕೋವಿ ಕಾಯಿದೆಯ ಕೆಳಗೆ ಮೂರು ಆರೋಪ: ಎರಡು ಸುಳ್ಳಿಗೆ, ಒಂದು ಇಟ್ಟುಕೊಂಡಿದ್ದಕ್ಕೆ. ಜೂನ್ 3ಕ್ಕೆ ವಿಚಾರಣೆ ಶುರು, 11ಕ್ಕೆ ತೀರ್ಪು, ಮೂರಕ್ಕೂ ಅಪರಾಧಿ. ಶಿಕ್ಷೆ ಗೊತ್ತಾಗುವ ಮುಂಚೆಯೇ, ಡಿಸೆಂಬರ್ 1ರಂದು, ಅಪ್ಪ ಕ್ಷಮಾದಾನ ಕೊಟ್ಟ.

ನನ್ನ ತಲೆಯಲ್ಲಿ ಕೂತದ್ದು ಕ್ಷಮಾದಾನವಲ್ಲ. ಅಪ್ಪ ಮಗನನ್ನು ಬಿಡಿಸುವುದು ಎಲ್ಲ ಊರಲ್ಲೂ ಇದ್ದದ್ದೇ. ಕೂತದ್ದು ಅವನ ವಕೀಲರ ವಾದ. ನಮೂನೆ ಕೇಳುವುದು ‘ಆಗಿದ್ದೀಯಾ’ ಅಂತ, ‘ಆಗಿದ್ದೆಯಾ’ ಅಂತಲ್ಲ. ಕೊಂಡ ಹೊತ್ತಿನಲ್ಲಿ ತಾನು ಚಟದವನು ಅಂತ ಅವನು ಅಂದುಕೊಂಡಿರಲಿಲ್ಲ, ಹಾಗಾಗಿ ಬೇಕೆಂದು ಸುಳ್ಳು ಹೇಳಿದಂತಾಗಲಿಲ್ಲ ಅಂತ. ಎದುರು ಕಡೆಯವರು 2021ರಲ್ಲಿ ಅವನೇ ಬರೆದು, ಅವನೇ ಓದಿ ಧ್ವನಿಮುದ್ರಿಸಿದ ಆತ್ಮಕಥೆಯನ್ನು ಕೋರ್ಟಿನಲ್ಲಿ ಹಾಕಿ ಕೇಳಿಸಿದರು. ತನ್ನ ಚಟದ ಕಥೆ ತನ್ನದೇ ಗಂಟಲಲ್ಲಿ. ಒಂದು ದೀರ್ಘ, ಒಂದು ಹ್ರಸ್ವ. ಅದರ ಮೇಲೆ ಒಂದು ವಾರದ ವಿಚಾರಣೆ! ಜೀವನವಿಡೀ ಕಾಲಂ ತುಂಬಿದ ನನಗೆ ಇದು ಮನೆಯ ಮಾತಿನ ಹಾಗೆ ಅರ್ಥವಾಯಿತು.

ನಮ್ಮ ತಾಲ್ಲೂಕಿನ ಕಾಕನಕೋಟೆ ಕಾಡಿನಲ್ಲಿ ಕೋವಿಗೂ ಕಾಗದಕ್ಕೂ ಯಾವಾಗ ಗಂಟುಬಿತ್ತು ಅನ್ನುವುದನ್ನು ಹೇಳಬೇಕು. ನಾನು ಮೊದಲು ಕೋವಿ ಸದ್ದು ಕೇಳಿದ್ದು 1971ರಲ್ಲಿ, ಆನೆ ಹಿಡಿಯುವ ಖೆಡ್ಡಾದಲ್ಲಿ. ಅದೇ ಕೊನೇ ಖೆಡ್ಡಾ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಕ್ಯಾಂಪಿಗೆ ಹುಲ್ಲಿನ ಗಾಡಿ ಹೊಡೆಯುತ್ತಿದ್ದ, ನಾನು ಹುಲ್ಲಿನ ಮೇಲೆ ಕೂತಿದ್ದೆ. ಕಪಿಲೆಯ ಆಚೆ ದಡದಿಂದ ತಮಟೆ, ಬಿದಿರು ತಟ್ಟುವ ಸದ್ದು, ಕೂಗು. ನಡುನಡುವೆ ಬರೀ ಮದ್ದಿನ ಗುಂಡು, ‘ಢಂ’ ಅಂತ. ಆನೆ ಹಿಂಡು ಹೊಳೆಗೆ ಇಳಿಯುವವರೆಗೂ ಆ ಸದ್ದು ನಿಲ್ಲಲಿಲ್ಲ. ಮೈಸೂರು ಸೀಮೆಯಲ್ಲಿ ಹೀಗೆ ಆನೆ ಹಿಡಿಯುವುದನ್ನು ನೆಲೆಗೊಳಿಸಿದವನು ಸ್ಯಾಂಡರ್ಸನ್ ಎಂಬ ಬ್ರಿಟಿಷ್ ಅಧಿಕಾರಿ, 1870ರ ದಶಕದಲ್ಲಿ, ಚಾಮರಾಜನಗರದ ಕಡೆ. ಆಮೇಲೆ ಅದು ನಮ್ಮ ಕಾಡಿಗೆ ಬಂದು ಇಲ್ಲಿಯದೇ ಆಗಿಹೋಯಿತು. ವೈಸರಾಯಿಗಳು, ರಾಜಕುಮಾರರು ಬಂದು ಅಟ್ಟಣೆ ಮೇಲೆ ಕೂತು ನೋಡಿದರು. ಅಂದು ನಾನು ಕಂಡದ್ದು ಇಷ್ಟು: ಆನೆಯ ಹೆಜ್ಜೆ ನೋಡಿ ಅದರ ವಯಸ್ಸು ಹೇಳುವ ಕಾಡುಕುರುಬರ ಕೈಯಲ್ಲಿ ತಮಟೆ, ಬಿದಿರು; ಕೋವಿ ಕಾಕಿ ಬಟ್ಟೆಯವರ ಹೆಗಲ ಮೇಲೆ.

ಕಾಡಿಗೆ ಹೆಸರು ಕೊಟ್ಟವನು ಕಾಡುಕುರುಬರ ಯಜಮಾನ ಕಾಕ. ಮಾಸ್ತಿಯವರು 1938ರಲ್ಲಿ ಅವನ ಮೇಲೆ ನಾಟಕವನ್ನೇ ಬರೆದರು. ನನ್ನ ಮೇಜಿನ ಎದುರು ಕಾಕನ ಮಕ್ಕಳು ನೂರಾರು ಸಲ ನಿಂತಿದ್ದಾರೆ: ರೇಷನ್ ಕಾರ್ಡಿಗೆ, ಹಾಡಿಯ ಕರೆಂಟಿಗೆ, ಅರಣ್ಯ ಹಕ್ಕಿನ ಪತ್ರಕ್ಕೆ. ಕೋವಿ ಅರ್ಜಿಗೆ ಒಬ್ಬನೂ ಬರಲಿಲ್ಲ. 1974ರ ಹೊತ್ತಿಗೆ ಬೀಚನಹಳ್ಳಿ ಅಣೆಕಟ್ಟೆಯ ನೀರು ಆ ಖೆಡ್ಡಾದ ಬಯಲನ್ನೂ ನುಂಗಿತು.

ಕೋವಿ ಅರ್ಜಿಗೆ ಬರುತ್ತಿದ್ದವರು ಕಾಡಂಚಿನ ರೈತರು. 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಅವರಿಗೆಂದೇ ಒಂದು ಸಂದು ಇದೆ: ನಿಜವಾಗಿ ಬೆಳೆ ಕಾಯಲಿಕ್ಕೆ ಬೇಕು ಅಂದರೆ ಮುಂಬಾಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡಬಹುದು. ನಾವದನ್ನು ನಾಡಕೋವಿ, ಕೇಪಿನ ಕೋವಿ ಅನ್ನುತ್ತೇವೆ. ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜ ಹಾಕಿ ಕುಟ್ಟಿ, ಚರೆ ಬಿಟ್ಟು, ಕೇಪು ಕೂರಿಸುವಷ್ಟರಲ್ಲಿ ಹಂದಿ ಮೂರು ಸಾಲು ಜೋಳ ಮುಗಿಸಿ ಹೋಗಿರುತ್ತದೆ. ಹೊಡೆಯಲಿಕ್ಕಲ್ಲ ಅದು, ಹೆದರಿಸಲಿಕ್ಕೆ. ನಾನು ಬರೆಯುತ್ತಿದ್ದ ಒಕ್ಕಣೆ ನಲವತ್ತು ವರ್ಷ ಒಂದೇ: ‘ಸದರಿ ಜಮೀನು ಕಾಡಿನ ಅಂಚಿನಲ್ಲಿದ್ದು, ಕಾಡುಪ್ರಾಣಿಗಳ ಹಾವಳಿ ವಿಪರೀತವಾಗಿದ್ದು...’ ಹಾವಳಿ ಇದ್ದದ್ದೂ ನಿಜ. ಒಕ್ಕಣೆ ನನ್ನದು, ಹಂದಿ ಅವರದು.

1972ರಲ್ಲಿ ವನ್ಯಜೀವಿ ಕಾಯಿದೆ ಬಂತು. ಅದರ 34ನೇ ಕಲಂ ನನ್ನ ವ್ಯಾಪಾರಕ್ಕೆ ಬಿದ್ದ ಕಲ್ಲು. ಅಭಯಾರಣ್ಯದ ಹತ್ತು ಕಿಲೋಮೀಟರ್ ಒಳಗೆ ಕೋವಿ ಇಟ್ಟುಕೊಂಡವರು ಅದನ್ನು ನೋಂದಾಯಿಸಬೇಕು. ಮುಖ್ಯ ವನ್ಯಜೀವಿ ಪರಿಪಾಲಕರು ಒಪ್ಪದೆ ಹೊಸ ಲೈಸೆನ್ಸ್ ಇಲ್ಲ. ಈ ಕಡೆ ಬಂಡೀಪುರ, ಆ ಕಡೆ ನಾಗರಹೊಳೆ. ನಮ್ಮ ತಾಲ್ಲೂಕಿನ ನಕ್ಷೆಯ ಮೇಲೆ ಹತ್ತು ಕಿಲೋಮೀಟರಿನ ಗೆರೆ ಎಳೆದರೆ ಎಷ್ಟೊಂದು ಊರು ಅದರೊಳಗೆ ಬೀಳುತ್ತದೆ! ಆನೆ ಎಲ್ಲಿ ಹೆಚ್ಚೋ ಅಲ್ಲೇ ಕೋವಿ ಕಷ್ಟ.

ಇಷ್ಟರ ನಡುವೆ ನಾಗರಹೊಳೆಯ ಕಾಡು ದಾಟಿದರೆ ಕುಟ್ಟ, ಕೊಡಗು. ಅಲ್ಲಿ ಕಥೆಯೇ ಬೇರೆ. 1861ರ ಫೆಬ್ರವರಿಯಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಊರಿಗೆ ಹೊರಡುವ ಸ್ವಲ್ಪ ಮುಂಚೆ, ಕೊಡಗಿನವರನ್ನು ನಿಶ್ಶಸ್ತ್ರೀಕರಣ ಕಾಯಿದೆಯಿಂದ ಹೊರಗಿಟ್ಟ. ಸಿಪಾಯಿ ದಂಗೆ ಮುಗಿದು ಉಳಿದ ಇಂಡಿಯಾದ ಕೈಯಿಂದ ಆಯುಧ ಕಿತ್ತುಕೊಳ್ಳುತ್ತಿದ್ದ ಹೊತ್ತು ಅದು; ನಿಷ್ಠೆಗೆ ಕೊಟ್ಟ ಬಹುಮಾನ. ಆ ವಿನಾಯಿತಿ ಸ್ವಾತಂತ್ರ್ಯ ಬಂದ ಮೇಲೂ ಉಳಿಯಿತು. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, ಕೊಡವರಿಗೆ ಮತ್ತು ಜಮ್ಮಾ ಜಮೀನಿನ ಹಿಡುವಳಿದಾರರಿಗೆ. ಇದು ಸಮಾನತೆಗೆ ವಿರುದ್ಧ ಅಂತ ಒಬ್ಬರು ಹೈಕೋರ್ಟಿಗೆ ಹೋದರು. 2021ರ ಸೆಪ್ಟೆಂಬರಿನಲ್ಲಿ ಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದು ಹಬ್ಬದಲ್ಲಿ ತೋಕಿಗೆ, ಅಂದರೆ ಕೋವಿಗೆ, ಪೂಜೆ, ಗಂಡುಮಗು ಹುಟ್ಟಿದರೆ ಒಂದು ಗುಂಡು, ಸತ್ತರೆ ಎರಡು: ಅವರಿಗೆ ಅದು ಮನೆದೇವರ ಸಾಮಾನು. ನನಗೆ ಅದರ ಮೇಲೆ ಅಸೂಯೆಯಿಲ್ಲ. ಆದರೆ ಅಲ್ಲಿಯ ತೋಟಕ್ಕೆ ಮೆಣಸು ಕುಯ್ಯಲು ಹೋಗಿಬಂದ ಒಬ್ಬ ಕುರುಬ ಹುಡುಗ ಒಮ್ಮೆ ಕೇಳಿದ್ದ: ‘ಸ್ವಾಮಿ, ಅವರಿಗೆ ಕಾಗದ ಯಾಕೆ ಬೇಡ?’ ನಾನು ಕಬ್ಬನ್ ಕಥೆ ಹೇಳಿದೆ. ಅವನು ಪೂರ್ತಿ ಕೇಳಿ, ‘ಹಂಗಾರೆ ನಮ್ಮಜ್ಜಂಗೆ ಕಬ್ಬನ್ ಸಿಗಲಿಲ್ಲ’ ಅಂದು ಹೋದ.

ಇನ್ನು ಆ ಅಮೆರಿಕದ ನಮೂನೆ ಕೇಳಿದ ಮಾದಕ ವಸ್ತುವಿನ ಮಾತು. ನಮ್ಮಲ್ಲಿ ಅದು ಗಾಂಜಾ. ಹಳಬರು ಭಂಗಿಸೊಪ್ಪು ಅನ್ನುತ್ತಿದ್ದರು. ಬ್ರಿಟಿಷರು ಅದರ ಮೇಲೆ ಸುಂಕ ಹಾಕಿ, ಲೈಸೆನ್ಸ್ ಕೊಟ್ಟು ಮಾರಿಸಿದರು. ಅದರಿಂದ ಜನಕ್ಕೆ ಹುಚ್ಚು ಹಿಡಿಯುತ್ತದೋ ಅಂತ ಲಂಡನ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದದ್ದಕ್ಕೆ 1893ರಲ್ಲಿ ಒಂದು ಆಯೋಗ ಕೂರಿಸಿ, ಸಾವಿರಕ್ಕೂ ಹೆಚ್ಚು ಸಾಕ್ಷಿ ಕೇಳಿ, ಮಿತವಾಗಿ ಸೇವಿಸಿದರೆ ಹೇಳಿಕೊಳ್ಳುವಂಥ ಕೇಡಿಲ್ಲ, ಪೂರ್ತಿ ನಿಷೇಧ ಬೇಡ ಅಂತ ವರದಿ ಬರೆಸಿಕೊಂಡರು. ನಾನು ಹುಡುಗನಾಗಿದ್ದಾಗ ಜಾತ್ರೆಯ ಮಂಟಪದಲ್ಲಿ ಚಿಲುಮೆ ಕೈಯಿಂದ ಕೈಗೆ ಹೋಗುವುದನ್ನು ನೋಡಿದ್ದೇನೆ. ಪೊಲೀಸಿನವನು ಪಕ್ಕದಲ್ಲೇ ಪುರಿ ತಿನ್ನುತ್ತಿದ್ದ. 1985ರ ನವೆಂಬರ್ 14ಕ್ಕೆ ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯಿದೆ ಜಾರಿಗೆ ಬಂದು ಆ ಚಿಲುಮೆ ಅಪರಾಧವಾಯಿತು. ಅದರಲ್ಲೂ ತಮಾಷೆಯಿದೆ. ಹೂವಿನ ತುದಿ ಗಾಂಜಾ. ತುದಿಯಿಲ್ಲದ ಬರೀ ಎಲೆ, ಬೀಜ ಕಾಯಿದೆಯ ಲೆಕ್ಕದಲ್ಲಿ ಗಾಂಜಾ ಅಲ್ಲ. ಒಂದು ಕಿಲೋವರೆಗೆ ಅಲ್ಪ ಪ್ರಮಾಣ, ಇಪ್ಪತ್ತು ಕಿಲೋ ದಾಟಿದರೆ ಕಡಿಮೆಯೆಂದರೂ ಹತ್ತು ವರ್ಷ. ಶುಂಠಿ, ಜೋಳದ ಸಾಲಿನ ನಡುವೆ ನಾಲ್ಕು ಗಿಡ ಸಿಕ್ಕಿ ಜೈಲಿಗೆ ಹೋದವರ ಜಾಮೀನಿಗೆ ಪಹಣಿ ತೆಗೆಸಿಕೊಟ್ಟವನು ನಾನೇ.

ಹುಣಸೂರು, ಪಿರಿಯಾಪಟ್ಟಣದ ಕಡೆ ಹೋದರೆ ಹೊಗೆಸೊಪ್ಪು. ಎಲೆ ಒಣಗಿಸುವ ಬ್ಯಾರನ್ನಿಗೂ ಲೈಸೆನ್ಸು, ಮಾರಲಿಕ್ಕೆ ಮಂಡಳಿ, ಕಟ್ಟೆಮಳಲವಾಡಿಯಲ್ಲಿ ಹರಾಜು. ಒಂದು ಎಲೆಗೆ ಸರ್ಕಾರವೇ ತಕ್ಕಡಿ ಹಿಡಿಯುತ್ತದೆ, ಇನ್ನೊಂದಕ್ಕೆ ಕೈಕೋಳ. ಸೇದುವವನ ಎದೆಗೆ ಯಾವುದು ಹೆಚ್ಚು ಕೆಟ್ಟದ್ದು ಅನ್ನುವುದು ಡಾಕ್ಟರರ ಮಾತು, ನನ್ನದಲ್ಲ.

ಈ ಎಲ್ಲ ವರ್ಷ ಕೋವಿಯ ಫೈಲು, ಗಾಂಜಾದ ಫೈಲು ಬೇರೆಬೇರೆ ಮೇಜಿನ ಮೇಲೇ ಇದ್ದವು. ನಟ ಸಂಜಯ್ ದತ್ತ್ ಹರೆಯದಲ್ಲಿ ಮಾದಕ ವಸ್ತುವಿಗೆ ಬಿದ್ದು ಎದ್ದವರು, ಅದನ್ನು ಅವರೇ ಹೇಳಿಕೊಂಡಿದ್ದಾರೆ. 1993ರ ಮುಂಬಯಿ ಬಾಂಬ್ ಸ್ಫೋಟದ ಪ್ರಕರಣದಲ್ಲಿ ಎಕೆ-56 ಇಟ್ಟುಕೊಂಡದ್ದಕ್ಕೆ ಶಿಕ್ಷೆಯಾದಾಗ ಆ ಹಳೇ ಚಟ ಕಾನೂನಿಗೆ ಬೇಕಾಗಲಿಲ್ಲ. ಲೈಸೆನ್ಸ್ ಇಲ್ಲದ, ನಿಷೇಧಿತ ಆಯುಧ, ಅಷ್ಟು ಸಾಕು. ಇಲ್ಲಿ ಕಾಗದ ಇಲ್ಲದ್ದು ತಪ್ಪು, ವಿಲ್ಮಿಂಗ್ಟನ್ನಿನಲ್ಲಿ ಕಾಗದದ ಮೇಲಿನ ಮಾತು ತಪ್ಪು. ಅದೇ ಡೆಲವೇರ್ ರಾಜ್ಯ 2023ರಲ್ಲಿ ದೊಡ್ಡವರು ಗಾಂಜಾ ಇಟ್ಟುಕೊಳ್ಳುವುದನ್ನು ಸಕ್ರಮ ಮಾಡಿತು. ಕೇಂದ್ರದ ನಮೂನೆಗೆ ಮಾತ್ರ ಅದು ಈಗಲೂ ಅಕ್ರಮವೇ.

ಎರಡು ಫೈಲನ್ನು ನಮ್ಮಲ್ಲಿ ಒಂದೇ ದಾರದಲ್ಲಿ ಕಟ್ಟಿದ್ದು 2016ರ ಶಸ್ತ್ರಾಸ್ತ್ರ ನಿಯಮಗಳು. ಹಳೇ ನಮೂನೆ ಹೋಗಿ ಎ-1 ಬಂತು, ಜೊತೆಗೆ ಡಾಕ್ಟರ್ ಸರ್ಟಿಫಿಕೇಟಿನ ಎಸ್-3: ಅರ್ಜಿದಾರ ಅಮಲು ಅಥವಾ ಮಾದಕ ವಸ್ತುವಿನ ಮೇಲೆ ಅವಲಂಬಿತನಲ್ಲ ಅಂತ ಅದರಲ್ಲಿ ನಿರ್ದಿಷ್ಟವಾಗಿ ಇರಬೇಕು. ಮೊದಲ ಸಲ ಅದನ್ನು ಓದಿದಾಗ, ಇದನ್ನು ನಾನು ಎದುರು ಕೂತವನ ಮುಖ ನೋಡಿ ಕೇಳಬೇಕಾ ಅಂತ ಸಂಕೋಚವಾಯಿತು. ಕೇಳಿದೆ. ಎಲ್ಲರೂ ‘ಇಲ್ಲ’ ಅಂದರು. ಬಾಯಿಂದ ಬೆಳಗಿನ ಸಾರಾಯಿ ವಾಸನೆ ಬರುತ್ತಿದ್ದವನೂ ‘ಇಲ್ಲ’ ಅಂದ.

ಒಬ್ಬ ಮಾತ್ರ ಬೇರೆ. ನಲವತ್ತರ ಆಸುಪಾಸಿನವನು, ಎರಡೂವರೆ ಎಕರೆ, ಕಾಡಿಗೆ ಒಂದೇ ಹಳ್ಳ ಅಡ್ಡ. ಅಪ್ಪ ತೀರಿಕೊಂಡಿದ್ದ. ಅಪ್ಪನ ಕೇಪಿನ ಕೋವಿ ಸ್ಟೇಷನ್ನಿನಲ್ಲಿ ಠೇವಣಿಯಿತ್ತು, ಅದನ್ನು ತನ್ನ ಹೆಸರಿಗೆ ಮಾಡಿಸಬೇಕಿತ್ತು. ನಾನು ಕೇಳಿದೆ: ‘ಗಾಂಜಾ ಗೀಂಜಾ ಉಂಟಾ?’

‘ಸೇದ್ತಿದ್ದೆ.’

‘ಈಗ?’

‘ಈಗ ಇಲ್ಲ. ಶಿವರಾತ್ರಿಲಿ ಒಂದು ದಮ್ಮು ಎಳೆದೆ. ಮುಂದಿನ ಶಿವರಾತ್ರಿದು ಈಗಲೇ ಹೆಂಗೆ ಹೇಳದು?’

ಕಾಯಿದೆಗೆ ಬೇಕಾದದ್ದು ಒಂದು ಮಾತು. ಅವನು ಕೊಟ್ಟದ್ದು ಭೂತ, ವರ್ತಮಾನ, ಭವಿಷ್ಯತ್ತು ಮೂರೂ. ವರ್ಷಕ್ಕೊಂದು ದಮ್ಮು ಅವಲಂಬನೆಯಲ್ಲ ಅಂತ ನಾನು ತರ್ಕ ಮಾಡಿ ಹೇಳಿದೆ; ‘ಇಲ್ಲ ಅಂತ ಬರಕೋತೀನಿ, ಡಾಕ್ಟರ್ ಹತ್ರ ಶಿವರಾತ್ರಿ ಮಾತು ಎತ್ತಬೇಡ’ ಅಂದೆ. ನಮ್ಮ ಎನ್‌ಡಿಪಿಎಸ್‌ನಲ್ಲೇ 64-ಎ ಅಂತ ಒಂದು ಕಲಂ ಇದೆ. ಸ್ವಲ್ಪ ಮಾಲಿನ ಜೊತೆ ಸಿಕ್ಕ ಚಟದವನು ತಾನಾಗಿ ಚಿಕಿತ್ಸೆಗೆ ಒಪ್ಪಿದರೆ ಮೊಕದ್ದಮೆಯಿಂದ ಬಿಡುಗಡೆ. ನಿಜ ಹೇಳಿದವನಿಗೆ ಅಲ್ಲೊಂದು ಬಾಗಿಲಿದೆ. ಕೋವಿ ಅರ್ಜಿಯಲ್ಲಿ ಆ ಬಾಗಿಲಿಲ್ಲ, ಅದು ನನಗೆ ಗೊತ್ತಿತ್ತು.

ಅವನು ಫಾರಂ ತೆಗೆದುಕೊಂಡು ಹೋದ. ಎರಡು ವಾರ ಬಿಟ್ಟು ಬಂದಾಗ ಎಸ್-3 ಖಾಲಿಯೇ ಇತ್ತು, ಮಡಚಿದ ಗೆರೆಯಲ್ಲಿ ಬೆವರಿನ ಕಲೆ. ಡಾಕ್ಟರ್ ಕೇಳಿದರಂತೆ, ಇವನು ಹೇಳಿದನಂತೆ, ಶಿವರಾತ್ರಿಯದ್ದೂ ಸೇರಿಸಿ. ಅವರು ಪೆನ್ನು ಮುಚ್ಚಿಟ್ಟು, ಆರು ತಿಂಗಳು ಬಿಟ್ಟು ಬಾ ಅಂದರಂತೆ. ನನಗೆ ಕೊಡಬೇಕಿದ್ದ ದುಡ್ಡನ್ನು ಅವನು ಎಣಿಸಿ ಕೊಟ್ಟ. ನಾನು ಅರ್ಧ ವಾಪಸು ಮಾಡಿದೆ. ಆ ವರ್ಷ ಅವನು ಹೊಲದ ಅಟ್ಟಣೆಯಲ್ಲಿ ಪಟಾಕಿ ಸರ, ಖಾಲಿ ಎಣ್ಣೆ ಡಬ್ಬ ಇಟ್ಟುಕೊಂಡು ರಾಗಿ ಕಾಯುತ್ತಿದ್ದ. ಅಪ್ಪನ ಕೋವಿ, ನಾನು ಮೇಜು ಮಡಚಿ ಮನೆ ಸೇರುವವರೆಗೂ, ಸ್ಟೇಷನ್ನಿನ ಕೋಣೆಯಲ್ಲಿ ಗೋಣಿತಾಟು ಸುತ್ತಿಕೊಂಡು ನಿಂತಿತ್ತು, ಕುತ್ತಿಗೆಗೆ ನನ್ನ ಕೈಬರಹದ ಠೇವಣಿ ಚೀಟಿ ಕಟ್ಟಿಸಿಕೊಂಡು.